ಹೆಬ್ಬೆರಳು ಮುಚ್ಚಿದ ಸಾಲು

ಸ್ಕ್ಯಾನರಿನ ಬೆಳಕು ಹಾದ ಮೇಲೆ ಎಂದಿನಂತೆ ಶಾಯಿಯೆಲ್ಲ ಅಳಿಸಿಹೋಗಿ ಪುಟ ಬಿಳಿಯಾಯಿತು. ಅಕ್ಷರಗಳೆಲ್ಲ ಪರದೆಗೆ ಬಂದಿದ್ದವು. ಕೊನೆಯ ಸಾಲಿನ ಜಾಗದಲ್ಲಿ ಮಾತ್ರ ವಾರಿಜಾಳ ಹೆಬ್ಬೆರಳಿತ್ತು. ಇನ್ನೊಮ್ಮೆ ಸ್ಕ್ಯಾನ್ ಮಾಡೋಣವೆಂದರೆ ಬೆರಳಡಿಯ ಸಾಲೂ ಸೇರಿ ಕಾಗದದಲ್ಲಿ ಏನೂ ಉಳಿದಿರಲಿಲ್ಲ.

ಅದು ತೀರಿಹೋದ ಪೋಸ್ಟ್‌ಮ್ಯಾನ್ ಒಬ್ಬರ ಆತ್ಮಕಥೆ. ಇದ್ದ ಒಂದೇ ಪ್ರತಿಯನ್ನು ಕೇಳುವ ಪುಸ್ತಕ ಮಾಡಿಕೊಡಿ ಎಂದು ತಂದವರು ಹುಟ್ಟಿನಿಂದ ಕಣ್ಣು ಕಾಣದ ಅವರ ಮಗಳು ಸರ್ವಮಂಗಳಾ. ಪರದೆಯಲ್ಲಿ ಮಾತು ಇಲ್ಲಿಗೆ ನಿಂತಿತ್ತು: "ಮಗಳಿಗೆ ಕಣ್ಣಿಲ್ಲವೆಂದು ಡಾಕ್ಟರು ಹೇಳಿದ ದಿನ ನನಗೆ ಅನಿಸಿದ್ದು ಒಂದೇ."

ಗುಣಮಟ್ಟ ನೋಡುವ ಚನ್ನಕೇಶವಯ್ಯ ಬಗ್ಗಿ ನೋಡಿದರು. "ಖಾಲಿ ಬಿಟ್ರೆ ಮಿಷನ್ನು ಪುಸ್ತಕಾನೇ ಬೇಡ ಅನ್ನುತ್ತಮ್ಮಾ. ‘ಇವಳನ್ನು ಚೆನ್ನಾಗಿ ಸಾಕಬೇಕು’ ಅಂತ ಹಾಕ್ಬಿಡಿ. ಯಾವ ಅಪ್ಪಂಗೆ ಹಾಗನ್ಸಲ್ಲ?"

"ಅವರಿಗೆ ಅನ್ಸದೇ ಇದ್ದಿದ್ರೆ ಸಾರ್?"

ಆದರೂ ವಾರಿಜಾ ಚನ್ನಕೇಶವಯ್ಯ ಹೇಳಿದ ಸಾಲನ್ನು ಟೈಪ್ ಮಾಡಿದಳು, ಅಳಿಸಿದಳು. ಕಡೆಗೆ ಬರೆದಳು: "ಇಲ್ಲಿದ್ದ ಸಾಲು ಸ್ಕ್ಯಾನ್ ಮಾಡುವಾಗ ನನ್ನ ಹೆಬ್ಬೆರಳಿನಡಿ ಹೋಯಿತು. ಕ್ಷಮಿಸಿ. ಇಂತಿ, ಸ್ವಯಂಸೇವಕಿ ವಾರಿಜಾ."

ಜಾಗ ತುಂಬಿದ್ದರಿಂದ ಹಸಿರು ದೀಪ ಹತ್ತಿತು.

"ಆಯಮ್ಮ ಇನ್ನು ಸಾಯೋವರ್ಗೂ ಅದೇನಿತ್ತೋ ಅಂತ ಯೋಚ್ನೆ ಮಾಡ್ತಾರಲ್ಲಮ್ಮಾ," ಎಂದರು ಚನ್ನಕೇಶವಯ್ಯ.

"ನಾನೂ ಮಾಡ್ತೀನಿ ಸಾರ್."

ಮುಂದಿನ ಪುಟ ತಿರುವಲು ಅವಳಿಗೆ ಕೈ ಬರಲಿಲ್ಲ.