ಬೆಲೆ ಇಳಿಸುವ ಸನ್ಮಾನ

ಬೇಳೆಯ ಬೆಲೆ ಮತ್ತೆ ಏರಿದ್ದರಿಂದ, ಪದ್ಧತಿಯಂತೆ ಹುಬ್ಬಳ್ಳಿಯ ಪೈಪ್ ಕಾರ್ಖಾನೆಯಲ್ಲಿ ಚೀಟಿ ಎತ್ತಿದರು. ಈ ಸಲ ಕೆಲಸ ಕಳೆದುಕೊಳ್ಳುವ ಸರದಿ ವೆಲ್ಡರ್ ಫಕ್ಕೀರಪ್ಪನದು.

ಮ್ಯಾನೇಜರ್ ಅವನಿಗೆ ಶಾಲು ಹೊದಿಸಿ, ಹಾರ ಹಾಕಿ, ಮೈಕು ಹಿಡಿದ. "ಇವರ ಪಗಾರ ನಿಂತರ ಪ್ಯಾಟ್ಯಾಗ ಗಿರಾಕಿ ಕಡಿಮಿ ಆಗ್ತಾರ. ಗಿರಾಕಿ ಕಡಿಮಿ ಆದ್ರ ರೇಟ್ ಇಳೀತದ. ದೇಶಕ್ಕ ಇಂಥವರು ಬೇಕ್ರಿ! ಚಪ್ಪಾಳಿ ಹೊಡೀರಿ."

ಉಳಿದವರು, ತಾವು ಉಳಿದ ಸಮಾಧಾನಕ್ಕೆ, ಜೋರಾಗಿಯೇ ತಟ್ಟಿದರು.

ಮನೆಯಲ್ಲಿ ಹೆಂಡತಿ ನೀಲವ್ವ ಆ ಶಾಲನ್ನು ಮಡಿಸಿ, ಹೋದ ವರ್ಷ ಗಾರ್ಮೆಂಟ್ಸಿನವರು ತನಗೆ ಹೊದಿಸಿದ್ದ ಶಾಲಿನ ಮೇಲಿಟ್ಟಳು.

ತಿಂಗಳ ನಂತರ ಆಕೆ ಖಾಲಿ ಚೀಲ ಹಿಡಿದು ಪೇಟೆಯಿಂದ ಬಂದಳು.

"ಬ್ಯಾಳಿ ಖರೇನ ಸೋವಿ ಆಗೇದ ನೋಡ್ರಿ," ಎಂದಳು. "ಅಂಗಡ್ಯಾಗ ಕೊಳ್ಳೋರು ಒಬ್ಬರೂ ಇರಲಿಲ್ಲ."