ತುಳಸಿ ಬರೆದ ಮಳೆ

"ಸಹಿ ಹಾಕಿ ವಿನುತಾ, ಮೇಲಿನವರು ಕಾಯ್ತಾ ಇದ್ದಾರೆ" ಎಂದು ಮ್ಯಾನೇಜರ್ ಚಿದಾನಂದ ವರದಿಯನ್ನು ಮೇಜಿನ ಮೇಲಿಟ್ಟರು. ಗಾಳಿಬೀಡಿನ ಗುಡ್ಡ ಕುಸಿದ ದಿನ ಈ ಆಫೀಸಿನಿಂದ ಊರಿನ ಯಾರ ಫೋನಿಗೂ ಎಚ್ಚರಿಕೆ ಹೋಗಿರಲಿಲ್ಲ. ಮಳೆ ಅಳೆಯುವ ತುಳಸಿ ಸುಳ್ಳು ಅಳತೆ ಕಳಿಸಿದ್ದೇ ಕಾರಣ, ಅವಳನ್ನು ಕೆಲಸದಿಂದ ತೆಗೆಯಬೇಕು ಎಂದು ಅದರಲ್ಲಿತ್ತು. ಎಚ್ಚರಿಕೆ ಕಳಿಸುವ ಪ್ರೋಗ್ರಾಂ ಬರೆದವಳು ವಿನುತಾ. ಅವಳ ಸಹಿ ಬಿದ್ದರೆ ಆಫೀಸಿನವರೆಲ್ಲ ಕೈತೊಳೆದುಕೊಳ್ಳಬಹುದಿತ್ತು.

ತುಳಸಿ ಬಾಗಿಲಲ್ಲೇ ನಿಂತಿದ್ದಳು. ಕೂತುಕೋ ಎನ್ನುವಷ್ಟು ಮರ್ಯಾದೆಯೂ ಅಲ್ಲಿ ಯಾರಿಗೂ ಇರಲಿಲ್ಲ. ಅವಳ ಮನೆ ಮಣ್ಣಿನಡಿ ಹೋಗಿ ಎಂಟು ದಿನವಾಗಿತ್ತು. ಅಂದು ತಾನೇ ಅಳೆದ ಮಳೆಗೆ ಹೆದರಿ, ಅತ್ತೆಯನ್ನು ಬೆನ್ನ ಮೇಲೆ ಹೊತ್ತು, ಅಕ್ಕಪಕ್ಕದ ಬಾಗಿಲು ಬಡಿದು ಎಲ್ಲರನ್ನೂ ಹೊರಡಿಸಿದವಳು ಅವಳು. ವರದಿಯಲ್ಲಿ ಅದರ ಸುದ್ದಿಯೇ ಇಲ್ಲ.

"ನೋಡಿದ್ದನ್ನೇ ಬರ್ದೆ ಮೇಡಂ. ಒಂದು ಚೂರೂ ಕಮ್ಮಿ ಹಾಕಿಲ್ಲ" ಎಂದಳು.

ವಿನುತಾ ಪೆನ್ನು ಮುಟ್ಟಲಿಲ್ಲ. ಆ ದಿನದ ಮಾಹಿತಿ ತೆಗೆದು ಪ್ರೋಗ್ರಾಂ ಅನ್ನು ಮತ್ತೆ ಓಡಿಸಿದಳು, ಒಂದೊಂದು ಸಾಲಿಗೂ ನಿಲ್ಲಿಸಿ, ಪರದೆಯ ಪಕ್ಕದಲ್ಲಿ ಪ್ರತಿ ವೇರಿಯಬಲ್‌ನಲ್ಲಿ ಏನು ತುಂಬಿದೆ ಎಂದು ನೋಡುತ್ತ. ಊರು: ಗಾಳಿಬೀಡು. ಅಪಾಯದ ಮಿತಿ: 150. ಮಳೆ: 7.45.

ಗುಡ್ಡ ಕುಸಿದ ದಿನ ಏಳು ಮಿಲಿಮೀಟರ್! ಅಷ್ಟು ಮಳೆಗೆ ಕೊಡಗಿನಲ್ಲಿ ಯಾರೂ ಕೊಡೆ ಬಿಚ್ಚುವುದಿಲ್ಲ. ಸುಳ್ಳು ಸಿಕ್ಕಿಬಿತ್ತಲ್ಲ ಎಂದು ಚಿದಾನಂದ ನಕ್ಕರು.

"ತುಳಸಕ್ಕ, ಅವತ್ತು ಎಷ್ಟು ಮಳೆ ಬಂತು?"

"ಏಳು ಇಂಚು ನಲವತ್ತೈದು ಸೆಂಟು."

ವಿನುತಾಳಿಗೆ ನಾಚಿಕೆಯಾಯಿತು. ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲೇ ಹೇಳುವುದು; ನೂರು ಸೆಂಟಿಗೆ ಒಂದು ಇಂಚು. ಶನಿವಾರಸಂತೆ ಊರಿನ ತನ್ನ ಅಪ್ಪನೂ ಹಾಗೇ ಹೇಳುತ್ತಿದ್ದರು. ಹದಿನೈದು ವರ್ಷ ಎಸ್ಟೇಟಿನಲ್ಲಿ ಮಳೆ ಅಳೆದು, ಈ ಮಳೆಗಾಲಕ್ಕಷ್ಟೇ ಇಲ್ಲಿಗೆ ಸೇರಿದ ತುಳಸಿಗೆ ಬೇರೆ ಅಳತೆ ಗೊತ್ತಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಫೋನಿನಲ್ಲಿ ತುಂಬುವ ಖಾನೆಗೆ 'ಮಳೆ' ಎಂದಷ್ಟೇ ಹೆಸರಿಟ್ಟು, ಮಿಲಿಮೀಟರ್ ಎಂದು ಬರೆಯದೆ ಬಿಟ್ಟವಳು ವಿನುತಾಳೇ.

ಕೇಳಿ ತಿಳಿದುಕೊಳ್ಳಬೇಕಾದದ್ದು ತುಳಸಿಯ ಜವಾಬ್ದಾರಿ ಎಂದರು ಚಿದಾನಂದ. ಆಮೇಲೆ ದನಿ ತಗ್ಗಿಸಿ, ಸುಮ್ಮನೆ ಸಹಿ ಹಾಕದಿದ್ದರೆ ನಿಮ್ಮ ಕೆಲಸವೇ ಹೋಗುತ್ತದೆ ಎಂದೂ ಎಚ್ಚರಿಸಿದರು.

"ಹೋಗ್ಲಿ ಸಾರ್. ತಪ್ಪು ನಂದು, ಅವರ ತಲೆಗೆ ಕಟ್ಟೋಕೆ ಬಿಡಲ್ಲ."

ಈಗ ಪೆನ್ನು ಎತ್ತಿಕೊಂಡಳು. ವರದಿಯಲ್ಲಿ ತುಳಸಿ ಎಂದಿದ್ದಲ್ಲೆಲ್ಲ ಗೀಟು ಹಾಕಿ ತನ್ನ ಹೆಸರು ಬರೆದಳು. ಚಿದಾನಂದ ಇನ್ನೂ ಒಪ್ಪದಿದ್ದಾಗ, ಪ್ರೋಗ್ರಾಂಗೆ ಇಂಚನ್ನು ಮಿಲಿಮೀಟರ್ ಮಾಡುವ ಸಾಲೊಂದನ್ನು ಸೇರಿಸಿ, ಸಂದೇಶ ತುಳಸಿಯ ನಂಬರಿಗೆ ಮಾತ್ರ ಹೋಗುವಂತೆ ಮಾಡಿ, ಅವರ ಕಣ್ಣೆದುರೇ ಮತ್ತೆ ಓಡಿಸಿದಳು. ಮಳೆ: 189.23.

ತುಳಸಿಯ ಫೋನು ಕಿರುಚಿಕೊಂಡಿತು. ಅವಳು ನಿಧಾನಕ್ಕೆ ಓದಿದಳು: ಗುಡ್ಡ ಕುಸಿಯುವ ಅಪಾಯವಿದೆ, ಕೂಡಲೇ ಮನೆ ಬಿಟ್ಟು ಹೊರಡಿ.

ಯಾರೂ ಕರೆಯದಿದ್ದರೂ ಒಳಗೆ ಬಂದು, ಫೋನನ್ನು ಚಿದಾನಂದರ ಮುಂದೆ ಹಿಡಿದಳು.

"ಯಾವ ಮನೆ ಬಿಡ್ಲಿ ಸಾರ್?"