ಆರರ ಮೇಲೊಂದು

ಗುಡ್ಡದ ಮೇಲೆ ಹೊಸ ಊರು ಕಟ್ಟಿಕೊಂಡವರು ಮಾಡಿದ ಮೊದಲ ಕಟ್ಟಳೆ, ಅಳತೆಯಲ್ಲಿ ಮೋಸ ಮಾಡಿದವರಿಗೆ ಸಾವು. ಆ ಕಟ್ಟಳೆಗೆ ಮೊಟ್ಟಮೊದಲು ಬಲಿಯಾದವನು ಕಟ್ಟಳೆ ಮಾಡಿದ ಯಜಮಾನನೇ. 'ನಾನು ತಪ್ಪು ಅಳೆದಿಲ್ಲ' ಎಂದು ಕೂಗುತ್ತಲೇ ಸತ್ತವನನ್ನು ಸಂತೆಕಟ್ಟೆಯ ಅಡಿಯಲ್ಲೇ ಹೂತರು. ಅಂದಿನಿಂದ ಅವನ ಸೊಸೆ ದುಗ್ಗವ್ವ ಅಲ್ಲಿ ಅಳೆಯುವಾಗ 'ಏಳು' ಅನ್ನುತ್ತಿರಲಿಲ್ಲ, 'ಆರರ ಮೇಲೊಂದು' ಅನ್ನುತ್ತಿದ್ದಳು.

ರಾಗಿಗೆ ಬದಲಾಗಿ ಉಪ್ಪು ಕೊಡಲು ಬಂದ ಬೇರೆ ಊರಿನ ವ್ಯಾಪಾರಿ ನಕ್ಕ. "ಏಳು ಅಂದ್ರೆ ಯಾರವ್ವ ಏಳ್ತಾರೆ?"

"ಮೆಲ್ಲಗೆ ಅಣ್ಣ, ಮಾವ ಕೇಳಿಸ್ಕೊಂಡಾರು."

ಅವನು ಸೇರು ಹಿಡಿದು ಉಪ್ಪು ಸುರಿಯುತ್ತ, ವ್ಯಾಪಾರಿಗಳ ರೂಢಿಯಂತೆ ಒಂದಕ್ಕೆ 'ಲಾಭ' ಎಂದು, ಗಟ್ಟಿಯಾಗಿ ಎಣಿಸಿದ. "ಲಾಭ, ಎರಡು, ನಾಕು, ಐದು, ಆರು, ಏಳು!"

ದುಗ್ಗವ್ವ ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ. ಅವಳಿಗೂ ನಗು ಬಂತು.

ಆಗ ಕಟ್ಟೆಯ ಅಡಿಯಿಂದ ದನಿ ಬಂತು: "ಆರೇ ಆಗಿರೋದು ಕಣವ್ವ, ಮೂರನ್ನ ನುಂಗ್ದ."